ಹಾಜರಿ ಕರೆದಾಗ ಉತ್ತರ ಕೊಡುವವರು ಯಾರು? ಕಾಸರಗೋಡಿನ ಒಂದು ಹಳೆ ವಿದ್ಯಾರ್ಥಿ ಸಂಘದ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನ ಕನ್ನಡ ವಿಭಾಗದ ಹಳೆ ವಿದ್ಯಾರ್ಥಿ ಸಂಘದಲ್ಲಿ ನಡೆದದ್ದು. ಕಾಲೇಜಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ. ಆಗ ಸಂಘದ ಕಾರ್ಯದರ್ಶಿ ನಾನೇ. ಹಾಗಾಗಿ ಇಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದು.

ಹಿನ್ನೆಲೆ

ನಮ್ಮ ಹಿರಿಯ ಸದಸ್ಯರ ಪದವಿ ಪತ್ರದಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ಮುದ್ರೆ ಇದೆ. ಕಿರಿಯರದ್ದರಲ್ಲಿ 1996ರಲ್ಲಿ ಶುರುವಾದ ಕಣ್ಣೂರು ವಿಶ್ವವಿದ್ಯಾಲಯದ್ದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು, ದಕ್ಷಿಣ ಕನ್ನಡ ಜಿಲ್ಲೆಯ ಮಕ್ಕಳಾಗಿ ಒಂದನೇ ಕ್ಲಾಸಿಗೆ ಸೇರಿದವರೂ ನಮ್ಮಲ್ಲಿ ಒಂದಿಬ್ಬರಿದ್ದಾರೆ. ಮನೆಯಲ್ಲಿ ಒಬ್ಬರದ್ದು ತುಳು, ಒಬ್ಬರದ್ದು ಹವ್ಯಕ, ಇನ್ನೊಬ್ಬರದ್ದು ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ. ಕ್ಲಾಸಿನೊಳಗೆ ಎಲ್ಲರಿಗೂ ಕನ್ನಡ. ನಮ್ಮನ್ನು ಒಟ್ಟಿಗೆ ಕಟ್ಟಿದ್ದು ಅಷ್ಟೇ.

ವರ್ಷಕ್ಕೊಮ್ಮೆ ಕ್ರಿಸ್ಮಸ್ ರಜೆಯಲ್ಲಿ ಸೇರುತ್ತೇವೆ. ಬೆಂಗಳೂರಿನವರು, ಗಲ್ಫಿನವರು ಊರಿಗೆ ಬರುವುದು ಆವಾಗಲೇ. ಪ್ರಾರ್ಥನೆ ಮುಗಿದ ಕೂಡಲೇ ‘ಅಗಲಿದವರಿಗೆ ನುಡಿನಮನ’. ಕಾರ್ಯದರ್ಶಿ ಹೆಸರು ಓದುವುದು, ಎಲ್ಲರೂ ಎದ್ದು ನಿಲ್ಲುವುದು, ಒಂದು ನಿಮಿಷದ ಮೌನ. ಒಂದು ನಿಮಿಷ ಅಂದರೆ ನಮ್ಮಲ್ಲಿ ಇಪ್ಪತ್ತು ಸೆಕೆಂಡು. ಮೊದಲು ಎರಡು ಮೂರು ಹೆಸರು ಇರುತ್ತಿತ್ತು. ವಯಸ್ಸಾದ ಹಾಗೆ ಪಟ್ಟಿ ಉದ್ದವಾಯಿತು. ಹಿಂದಿನ ಬೆಂಚಿನಲ್ಲಿ ಚಹಾ ಗ್ಲಾಸಿನ ಸದ್ದು, ಮೈಕಿನ ಕೀರಲು. ಯಾರ ಹೆಸರು ಓದಿದರೆಂದು ಅರ್ಧ ಜನಕ್ಕೆ ಕೇಳಿಸುತ್ತಲೂ ಇರಲಿಲ್ಲ.

2020ರಲ್ಲಿ ಕೊರೊನಾದಿಂದ ಎಲ್ಲವೂ ತಲೆಕೆಳಗಾಯಿತು. ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಕರ್ನಾಟಕದ ಗಡಿ ಮುಚ್ಚಿದರು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಗಡಿಯ ತಲಪಾಡಿ ದಾಟಲಾಗದೆ ರೋಗಿಗಳು ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಬೇಸಗೆಯಲ್ಲಿ ನಮ್ಮ ಬಳಗದ ಇಬ್ಬರು ಬೇರೆ ಬೇರೆ ಕಾಯಿಲೆಯಿಂದ ತೀರಿಕೊಂಡರು. ಸಾವಿನ ಮನೆಗೆ ಯಾರೂ ಹೋಗಲಿಲ್ಲ. ಬೊಜ್ಜಕ್ಕೂ, ಅಂದರೆ ಉತ್ತರಕ್ರಿಯೆಗೂ, ಜನ ಸೇರಲಿಲ್ಲ. ವಾಟ್ಸಾಪಿನಲ್ಲಿ ‘ಓಂ ಶಾಂತಿ’ ಚಿತ್ರಗಳು ಸಾಲಾಗಿ ಬಂದವು, ಅಷ್ಟೇ. ಅಲ್ಲಿಂದ ಮುಂದೆ ನಮ್ಮ ಪಟ್ಟಿ ತಯಾರಾಗುತ್ತಿದ್ದದ್ದು ಆ ಚಿತ್ರಗಳನ್ನು ಎಣಿಸಿ. ತಪ್ಪಿನ ಬೀಜ ಬಿದ್ದದ್ದು ಅಲ್ಲೇ.

ಬದುಕಿದ್ದವರ ಹೆಸರು ಓದಿದ್ದು

2022ರ ಡಿಸೆಂಬರ್. ನಾನು ಪಟ್ಟಿ ಓದಿದೆ. ಯಾರೋ ಅದನ್ನು ವೀಡಿಯೊ ಮಾಡಿ ಗುಂಪಿಗೆ ಹಾಕಿದರು. ರಾತ್ರಿ ಒಂಬತ್ತಕ್ಕೆ ಒಂದು ಫೋನ್ ಬಂತು.

“ಎಂತ ಮಾರಾಯ್ರೇ, ನನ್ನ ಬೊಜ್ಜದ ಊಟಕ್ಕೆ ನನ್ನನ್ನೇ ಕರೆಯಲಿಲ್ಲವಲ್ಲ!”

ಬೆಳಿಗ್ಗೆ ನಾನು ಸತ್ತವರ ಸಾಲಿನಲ್ಲಿ ಓದಿದ ಹಿರಿಯರು ಅವರು. ಪುತ್ತೂರಿನಲ್ಲಿರುವ ಅವರ ನಾದಿನಿ ವೀಡಿಯೊ ನೋಡಿ ಅಳುತ್ತಾ ಫೋನ್ ಮಾಡಿದ್ದರಂತೆ. ಫೋನ್ ಎತ್ತಿದ್ದು ಇವರೇ. ಅವರು ನಕ್ಕರು, ನಾನೂ ನಕ್ಕೆ. ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ಲ, ಹಾಗಾದರೆ ಸತ್ತವರು ಯಾರು?”

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬದುಕಿದ್ದವರನ್ನು ಸಾಯಿಸಿದ್ದೇ ದೊಡ್ಡ ತಪ್ಪು ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ನಿಜವಾಗಿ ಸತ್ತ ಒಬ್ಬರು ನಮ್ಮ ಲೆಕ್ಕದಿಂದಲೇ ಜಾರಿಹೋಗಿದ್ದರು.

ಹುಡುಕಿದಾಗ ಸಿಕ್ಕಿದ್ದು ಇಷ್ಟು. ಒಂದೇ ಹೆಸರು, ಒಂದೇ ಇನಿಶಿಯಲ್ ಇದ್ದ ಇಬ್ಬರು. ಎರಡು ಬ್ಯಾಚಿನ ಅಂತರ. ಊರಲ್ಲಿ ಅವರನ್ನು ಬೇರೆ ಮಾಡುತ್ತಿದ್ದದ್ದು ಮನೆಯ ಹೆಸರು. ನಮ್ಮ ಪಟ್ಟಿಯಲ್ಲಿ ಮನೆಯ ಹೆಸರು ಇರಲಿಲ್ಲ. ಕಿರಿಯವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮುಳ್ಳೇರಿಯದ ಆಚೆಗಿನ ಅವರ ಮನೆಗೆ ನಮ್ಮ ಸಂಘದಿಂದ ಒಬ್ಬರೂ ಹೋಗಿರಲಿಲ್ಲ, ಒಂದು ಫೋನೂ ಇಲ್ಲ.

ಮರುವಾರ ಹಳೆಯ ಪಟ್ಟಿಗಳನ್ನೆಲ್ಲ ತೆಗೆದು ಕೂತೆ. ಬೇರೆ ಯಾರನ್ನಾದರೂ ಹೀಗೆ ಅದಲುಬದಲು ಮಾಡಿದ್ದೇವಾ ಎಂದು ನೋಡುವುದು ಉದ್ದೇಶ. ಅದಕ್ಕಿಂತ ದೊಡ್ಡದೊಂದು ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಹೆಂಗಸರೇ ಇಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಹೆಸರು, ಅದೂ ನಮ್ಮ ವಿಭಾಗದಲ್ಲೇ ಪಾಠ ಮಾಡಿದವರದ್ದು. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರಿದ್ದರು. ನಮ್ಮ ಲೆಕ್ಕದಲ್ಲಿ ಅವರು ಸಾಯುತ್ತಲೇ ಇರಲಿಲ್ಲ!

ಕಾರಣ ಗುಟ್ಟಿನದ್ದೇನಲ್ಲ. ಮದುವೆಯಾಗಿ ಪುತ್ತೂರು, ಸುಳ್ಯ, ಬೆಂಗಳೂರು ಸೇರಿದರು. ಇನಿಶಿಯಲ್ ಬದಲಾಯಿತು, ಕೆಲವರ ಹೆಸರೇ ಬದಲಾಯಿತು. ಪತ್ರಿಕೆಯ ನಿಧನ ವಾರ್ತೆಯಲ್ಲಿ ಅವರು ‘ದಿವಂಗತ ಇಂಥವರ ಪತ್ನಿ’. ಓದಿದ ಕಾಲೇಜಿನ ಹೆಸರು ಅಲ್ಲಿ ಬರುವುದಿಲ್ಲ. ನಾವು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದೇ ಸುದ್ದಿ ಓದಿ ಪುಟ ತಿರುಗಿಸಿರುತ್ತೇವೆ, ಗೊತ್ತೇ ಆಗಿರುವುದಿಲ್ಲ.

ಮಾಡಿ ನೋಡಿದ್ದು, ಕೈಕೊಟ್ಟದ್ದು

ಮೊದಲು ಆನ್‌ಲೈನ್ ಫಾರಂ. ‘ನಿಮ್ಮ ಮನೆಯಲ್ಲಿ ನಮ್ಮ ಹಳೆ ವಿದ್ಯಾರ್ಥಿ ಯಾರಾದರೂ ತೀರಿಕೊಂಡಿದ್ದರೆ ಭರ್ತಿ ಮಾಡಿ’ ಅಂತ. ಅದನ್ನು ಬರೆದ ನನಗೇ ಈಗ ನಾಚಿಕೆಯಾಗುತ್ತದೆ. ಯಾರು ಭರ್ತಿ ಮಾಡುತ್ತಾರೆ ಹೇಳಿ?

ಆಮೇಲೆ ಪಂಚಾಯತ್ ದಾಖಲೆ. ಸಮಿತಿಯ ಒಬ್ಬರು ಉತ್ಸಾಹದಿಂದ ಹೋದರು. ಅಲ್ಲಿ ತಿಳಿದದ್ದು, ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಮನೆ ಇರುವ ಜಾಗದಲ್ಲಲ್ಲ. ಬದಿಯಡ್ಕದವರು ಮಂಗಳೂರಿನ ಆಸ್ಪತ್ರೆಯಲ್ಲಿ ಹೋದರೆ ದಾಖಲೆ ಮಂಗಳೂರಿನದ್ದು. ಬದುಕಿದ್ದಾಗ ಎರಡು ರಾಜ್ಯದ ನಡುವೆ ಓಡಾಡುವ ನಮ್ಮವರಿಗೆ ಸತ್ತ ಮೇಲೂ ಅದು ತಪ್ಪುವುದಿಲ್ಲ. ಆದರೆ ಪಂಚಾಯತಿಗೆ ಹೋದದ್ದು ದಂಡ ಆಗಲಿಲ್ಲ. ವಾರ್ಡ್ ಮೆಂಬರಿಗೂ ಕುಡುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪು) ಹೆಂಗಸರಿಗೂ ಎಲ್ಲ ಗೊತ್ತು ಎಂಬುದು ಅಲ್ಲಿ ಗೊತ್ತಾಯಿತು. ಯಾವ ಮನೆಯ ಮಗಳು ಎಲ್ಲಿಗೆ ಮದುವೆಯಾಗಿ ಹೋದಳು, ಈಗ ಇದ್ದಾಳಾ ಇಲ್ಲವಾ, ಎರಡು ನಿಮಿಷದಲ್ಲಿ ಹೇಳುತ್ತಾರೆ.

ಮೂರನೆಯದು ಫ್ಲೆಕ್ಸ್. ಅಗಲಿದವರ ಫೋಟೊ ಸಾಲಾಗಿ ಹಾಕಿ, ಮುಂದೆ ಕಾಲುದೀಪ ಇಟ್ಟು ಹೂವು ಹಾಕುವುದು. 2023ರ ಓಣಂ ರಜೆಯಲ್ಲಿ ಸಣ್ಣ ಸಭೆ ಮಾಡಿ ಇದನ್ನು ಮಾಡಿ ನೋಡಿದೆವು. ತೀರಿಕೊಂಡ ಒಬ್ಬ ಮುಸ್ಲಿಂ ಗೆಳೆಯನ ತಮ್ಮ ಬಂದಿದ್ದರು. ಸಭೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲನೆ ಹೇಳಿದರು: “ಸಾರ್, ನೀವು ನೆನಪು ಮಾಡಿದ್ದು ಸಂತೋಷ. ಫೋಟೊಗೆ ಮಾಲೆ ಮಾತ್ರ ಬೇಡಿತ್ತು. ಉಮ್ಮ ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾರೆ.” ಸಿಟ್ಟು ಮಾಡಿದ್ದರೆ ಉತ್ತರ ಕೊಡುತ್ತಿದ್ದೆನೋ ಏನೋ. ಮೆಲ್ಲನೆ ಹೇಳಿದ್ದರಿಂದ ಏನೂ ಹೇಳಲಾಗಲಿಲ್ಲ.

ಈ ವಿಷಯ ಸಮಿತಿಯಲ್ಲಿ ಇಟ್ಟಾಗ ಜಗಳವೇ ಆಯಿತು. “ದೀಪ ಇಲ್ಲದೆ ಎಂತ ನಮನ?” ಅಂದರು ಒಬ್ಬ ಹಿರಿಯರು. ಸಭೆಯ ಉದ್ಘಾಟನೆಗೆ ದೀಪ ಇರಲಿ, ಅಗಲಿದವರ ಹೊತ್ತಿಗೆ ದೀಪ, ಮಾಲೆ, ಫೋಟೊ ಯಾವುದೂ ಬೇಡ, ಬೇಕಾದವರು ಅವರವರ ಮನೆಯಲ್ಲಿ ಹಚ್ಚಲಿ ಅಂತ ತೀರ್ಮಾನವಾಯಿತು. ಆ ಹಿರಿಯರು ಎದ್ದು ಹೋದರು. ತೀರ್ಮಾನ ಸರಿ ಎಂದು ಈಗಲೂ ನಂಬುತ್ತೇನೆ. ಆದರೆ ಅವರ ಮನೆಗೆ ಹೋಗಿ ಒಂದು ಮಾತು ಮೊದಲೇ ಹೇಳಬಹುದಿತ್ತು. ಅದನ್ನು ಮಾಡಲಿಲ್ಲ.

ಟೆಕ್ಸಾಸಿನಿಂದ ಬಂದದ್ದು

ದೀಪವೂ ಇಲ್ಲ, ಫೋಟೊವೂ ಇಲ್ಲ. ಮತ್ತೆ ಉಳಿದದ್ದೇನು? ಆ ಹೊತ್ತಿಗೆ ಹ್ಯೂಸ್ಟನ್‌ನಲ್ಲಿರುವ ನಮ್ಮ ಒಬ್ಬ ಸದಸ್ಯರು ತಾನು ನೋಡಿದ್ದನ್ನು ಹೇಳಿದರು. ಅಲ್ಲಿಯ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಪ್ರತಿ ವರ್ಷ ಏಪ್ರಿಲ್ 21ರಂದು ‘ಮಸ್ಟರ್’ ಎಂಬ ಸಭೆ ಸೇರುತ್ತಾರೆ. ವಿಶ್ವವಿದ್ಯಾಲಯದಲ್ಲಿ ಮಾತ್ರವಲ್ಲ, ಹಳೆ ವಿದ್ಯಾರ್ಥಿಗಳು ಇದ್ದಲ್ಲೆಲ್ಲ, ಮುನ್ನೂರಕ್ಕೂ ಹೆಚ್ಚು ಕಡೆ. ಆ ವರ್ಷ ತೀರಿಕೊಂಡವರ ಹೆಸರನ್ನು ಹಾಜರಿ ಕರೆದಂತೆ ಒಂದೊಂದಾಗಿ ಕರೆಯುತ್ತಾರೆ. ಪ್ರತಿ ಹೆಸರಿಗೂ ಮನೆಯವರೋ ಗೆಳೆಯರೋ ‘ಹಿಯರ್’ ಎಂದು ಉತ್ತರ ಕೊಟ್ಟು ಒಂದು ಮೇಣದ ಬತ್ತಿ ಹಚ್ಚುತ್ತಾರೆ. 1942ರಲ್ಲಿ ಎರಡನೇ ಮಹಾಯುದ್ಧದ ಹೊತ್ತು, ಫಿಲಿಪ್ಪೀನ್ಸಿನ ಕೊರೆಗಿಡೋರ್ ದ್ವೀಪದಲ್ಲಿ ಜಪಾನಿ ಸೇನೆಯ ಮುತ್ತಿಗೆಯೊಳಗಿದ್ದ ಆ ವಿಶ್ವವಿದ್ಯಾಲಯದ ಸೈನಿಕರೂ ಇದನ್ನು ಆಚರಿಸಿದರು ಎಂದು ಹೇಳಿಕೊಳ್ಳುವುದು ಅವರಿಗೆ ದೊಡ್ಡ ಹೆಮ್ಮೆ.

ನನಗೆ ಮೊದಲು ಇಷ್ಟವಾಗಲಿಲ್ಲ. ಅದು ಸೇನೆಯ ಶಿಸ್ತಿನಿಂದ ಬೆಳೆದ ಕಾಲೇಜು. ನಮ್ಮದು ಕ್ಲಾಸು ತಪ್ಪಿಸಿ ಯಕ್ಷಗಾನಕ್ಕೆ ಹೋದವರ ಕಾಲೇಜು. ಆದರೆ ‘ಹಾಜರಿ’ ಎಂಬ ಮಾತು ತಲೆಯಲ್ಲಿ ಉಳಿಯಿತು. ಹಾಜರಿ ನಮಗೂ ಗೊತ್ತಲ್ವಾ? ಮೂರು ವರ್ಷ ದಿನಾ ಕೇಳಿದ್ದು.

ನಮ್ಮ ನಿವೃತ್ತ ಮಾಷ್ಟ್ರ ಹತ್ತಿರ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. “ಒಬ್ಬನ ಹೆಸರಿಗೆ ಇನ್ನೊಬ್ಬ ಹಾಜರ್ ಅನ್ನುವುದಾ? ಅದಕ್ಕೆ ಪ್ರಾಕ್ಸಿ ಅಂತ ಹೆಸರು. ಸರ್ವಿಸ್ ಇಡೀ ಅದನ್ನು ಹಿಡಿಯುವುದೇ ನನ್ನ ಕೆಲಸವಾಗಿತ್ತು.” ಆಮೇಲೆ ನಗು ನಿಲ್ಲಿಸಿ ಹೇಳಿದರು: “ಪ್ರಾಕ್ಸಿ ಹೇಳುವವನಿಗೆ ಒಂದು ಮಾತ್ರ ಗೊತ್ತಿರಬೇಕು. ಅವನು ಇವತ್ತು ಯಾಕೆ ಬಂದಿಲ್ಲ ಅಂತ. ನಾನು ಕೇಳುತ್ತಿದ್ದದ್ದು ಅದನ್ನೇ.”

ಆ ಮಾತೇ ನಮ್ಮ ನಿಯಮವಾಯಿತು. ಪ್ರತಿ ಹೆಸರಿಗೂ ಉತ್ತರ ಕೊಡುವವರು ಒಬ್ಬರು ಇರಬೇಕು. ಅವರು ಮೊದಲೇ ಆ ಮನೆಗೆ ಹೋಗಿರಬೇಕು, ದೂರವಾದರೆ ಫೋನಿನಲ್ಲಾದರೂ ಮಾತಾಡಿರಬೇಕು. ಹೆಸರು ಹೇಗೆ ಹೇಳಬೇಕು, ಸಭೆಯಲ್ಲಿ ಓದಬಹುದೇ ಎಂದು ಮನೆಯವರನ್ನೇ ಕೇಳಬೇಕು. ಕಾರ್ಯದರ್ಶಿ ಸುಮ್ನೆ ಕರೆಯುವವನು ಮಾತ್ರ, ಪಟ್ಟಿ ಅವನದ್ದಲ್ಲ. ಉತ್ತರದ ಮಾತು ‘ಹಾಜರ್’ ಎಂದೇ ಇರಲಿ ಎಂದೆವು. ‘ಇದ್ದಾರೆ’ ಅನ್ನೋಣ ಎಂದು ಕೆಲವರು ಹೇಳಿದ್ದುಂಟು. ಸತ್ತವರನ್ನು ಇದ್ದಾರೆ ಎಂದರೆ ಅದು ಭಾಷಣವಾಗುತ್ತದೆ. ಹಾಜರ್ ಅನ್ನುವುದು ಕ್ಲಾಸಿನ ಮಾತು. ಅರಬಿಯಿಂದ ಬಂದ ಶಬ್ದ, ಬ್ಯಾರಿ ಗೆಳೆಯರಿಗೂ ಭಟ್ಟರ ಮಕ್ಕಳಿಗೂ ಒಂದೇ ರೀತಿ ಬಾಯಿಗೆ ಬರುತ್ತದೆ.

ಗೆಳೆಯರೇ ಇಲ್ಲದವರಿಗೆ ಯಾರು ಉತ್ತರ ಕೊಡುವುದು? ಇದಕ್ಕೆ ದಾರಿ ತೋರಿಸಿದ್ದೂ ಮಾಷ್ಟ್ರೇ. ಕಾಲೇಜಿನ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ಮಾಷ್ಟ್ರಿಗೆ ಮಾತ್ರ ಪ್ರತಿ ಬ್ಯಾಚಿನ ಹಾಜರಿಯನ್ನು ತಮ್ಮ ಡೈರಿಯಲ್ಲಿ ಬರೆದಿಡುವ ಅಭ್ಯಾಸ. ಅಟ್ಟದಲ್ಲಿ ಅಡಿಕೆ ಗೋಣಿಗಳ ಹಿಂದೆ ಒಂದು ಟ್ರಂಕು ಇತ್ತು. ಅದರಲ್ಲಿ ಎಲ್ಲವೂ ಇರಲಿಲ್ಲ, ತುಂಬ ಬ್ಯಾಚಿನದ್ದು ಇತ್ತು. ನಂಬರು, ಹೆಸರು, ಮನೆಯ ಹೆಸರು. ಹುಡುಗಿಯರ ಮದುವೆಗೆ ಮುಂಚಿನ ಹೆಸರು. ನಮಗೆ ಬೇಕಾದದ್ದೆಲ್ಲ ಅಲ್ಲಿತ್ತು. ಒಬ್ಬರಿಗೆ ಯಾರೂ ಸಿಗದಿದ್ದರೆ ಹಿಂದಿನ ನಂಬರಿನವರು ಅಥವಾ ಮುಂದಿನ ನಂಬರಿನವರು ಹೊಣೆ ಹೊರುವುದು ಎಂದು ಮಾಡಿದೆವು.

ಏನಾಯಿತು

2023ರ ಡಿಸೆಂಬರಿನಲ್ಲಿ ಮೊದಲ ಹಾಜರಿ. ತಯಾರಿಗೆ ಅಕ್ಟೋಬರಿನಿಂದ ಓಡಾಡಿದ್ದೆವು. ಎಷ್ಟೋ ಜನ ಮೂವತ್ತು ವರ್ಷದ ಮೇಲೆ ಸಹಪಾಠಿಯ ಮನೆಯ ಮೆಟ್ಟಿಲು ಹತ್ತಿದರು. ಒಬ್ಬ ಹುಡುಗನ ಮನೆಯವರು ಹೆಸರು ಓದಬೇಡಿ ಅಂದರು. ಕಾರಣ ನಾವು ಕೇಳಲಿಲ್ಲ. ಅವನ ಗೆಳೆಯ ಮಾತ್ರ ಒಪ್ಪಲಿಲ್ಲ, “ಓದದೆ ಇದ್ದರೆ ಅವನನ್ನು ಎರಡು ಸಲ ಕಳೆದುಕೊಂಡ ಹಾಗೆ” ಎಂದು ಗಲಾಟೆ ಮಾಡಿದ. ಒಂದು ರಾತ್ರಿ ಜಾಸ್ತಿ ಹೊತ್ತು ಮಾತಾಡಿದೆವು. ಮನೆಯವರ ಮಾತೇ ಕೊನೆ ಎಂದು ನಿಂತೆವು. ಸಭೆಯ ದಿನ ಅವನ ನಂಬರಿನ ಜಾಗದಲ್ಲಿ ನಾನು ಓದುವುದನ್ನು ಒಂದು ಕ್ಷಣ ನಿಲ್ಲಿಸಿ ಮುಂದೆ ಹೋದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಗೆಳೆಯನಿಗೆ ಗೊತ್ತಾಯಿತು.

ಮೊದಲ ಹೆಸರು ಕರೆದಾಗ ಉತ್ತರ ಕೊಡಬೇಕಾದವರ ಬಾಯಿಂದ ಮಾತೇ ಹೊರಡಲಿಲ್ಲ. ಕಾದೆವು. ಮೈಕು ಇರಲಿಲ್ಲ, ಬೇಕೆಂದೇ ತೆಗೆಸಿದ್ದೆವು. ಚಹಾವನ್ನು ಆಮೇಲಕ್ಕೆ ಇಟ್ಟಿದ್ದೆವು. (ಇಡೀ ಯೋಜನೆಯಲ್ಲಿ ಅತಿ ಜಾಸ್ತಿ ಪ್ರಯೋಜನವಾದ ತೀರ್ಮಾನ ಈ ಚಹಾದ್ದೇ ಎಂದು ನನ್ನ ಅಭಿಪ್ರಾಯ.) ಕೊನೆಗೆ ‘ಹಾಜರ್’ ಅಂದರು.

ಹಿಂದಿನ ವರ್ಷ ತಪ್ಪಿಸಿದ್ದ ಹೆಸರು ಬಂತು. ಈ ಸಲ ಬ್ಯಾಚು, ಮನೆಯ ಹೆಸರು ಸೇರಿಸಿ ಕರೆದೆ. ಎದ್ದು ನಿಂತವರು ಅದೇ ಹೆಸರಿನ ಹಿರಿಯರು, ನಾನು ಸಾಯಿಸಿದವರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು, ಮತ್ತೆ ಸುಮ್ಮನಾದರು. ಅವರು ನವೆಂಬರಿನಲ್ಲಿ ಬಸ್ಸು ಬದಲಿಸಿ ಬದಲಿಸಿ ಮುಳ್ಳೇರಿಯದ ಆಚೆಗೆ ಹೋಗಿ ಬಂದಿದ್ದರು. ಆ ಮನೆಯಾಕೆ ಬಾಗಿಲಲ್ಲಿ ನಿಂತು ಹೆಸರು ಕೇಳಿದಾಗ ಏನು ಹೇಳುವುದೆಂದು ಗೊತ್ತಾಗದೆ ಮಾಷ್ಟ್ರ ಹೆಸರು ಹೇಳಿದೆ ಎಂದು ಆಮೇಲೆ ನನಗೆ ತಿಳಿಸಿದರು.

ಹೆಂಗಸರ ಪೈಕಿ ಆರು ಹೆಸರು ಸಿಕ್ಕಿದ್ದವು. ಒಬ್ಬರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ನಮಗೆ ಗೊತ್ತಾದದ್ದು ಆಗ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೆಸರು ಬದಲಿಸಿದ್ದರು. ಡೈರಿಯಲ್ಲಿದ್ದ ಹೆಸರನ್ನೇ ಕರೆದೆ. ಹಿಂದಿನ ನಂಬರಿನವರು ಉತ್ತರ ಕೊಟ್ಟರು. ಇಬ್ಬರೂ ಕಾಲೇಜಿನಲ್ಲಿ ಒಂದು ಮಾತೂ ಆಡಿದವರಲ್ಲವಂತೆ. ಪುತ್ತೂರಿನಿಂದ ಮಗಳು ಬಂದಿದ್ದಳು. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಕೇಳಿದಳು: “ಅಂಕಲ್, ಅಮ್ಮನ ನಂಬರೆಷ್ಟು?” ಹದಿನೇಳು ಅಂದೆ. ಫೋನಿನಲ್ಲಿ ಬರೆದುಕೊಂಡಳು.

ಬೇರೆಯವರು ಮಾಡುವುದಾದರೆ

ನಮ್ಮದನ್ನು ಕೇಳಿ ಒಂದೆರಡು ಸಂಘದವರು ವಿಚಾರಿಸಿದ್ದಾರೆ. ‘ಹಾಜರ್’ ಅನ್ನುವುದನ್ನು ಮಾತ್ರ ತೆಗೆದುಕೊಂಡು ಹೋಗುತ್ತಾರೆ ಎಂಬ ಭಯ ನನಗಿದೆ. ಅದು ನಾಟಕದಂತೆ ಚೆನ್ನಾಗಿ ಕಾಣುತ್ತದೆ. ನಮ್ಮಲ್ಲಿ ಕೆಲಸ ಮಾಡಿದ್ದು ಅದಲ್ಲ, ಅದಕ್ಕೆ ಮುಂಚಿನ ಎರಡು ತಿಂಗಳ ಓಡಾಟ. ಮನೆಗೆ ಹೋದವರು ತಪ್ಪು ಹೆಸರು ಹೇಳುವುದಿಲ್ಲ. ಮನೆಗೆ ಹೋದವರು ಇದ್ದರೆ ಬದುಕಿದ್ದವರನ್ನು ಸತ್ತವರ ಪಟ್ಟಿಗೆ ಸೇರಿಸಲು ಆಗುವುದೂ ಇಲ್ಲ. ನಮ್ಮ ಹಳೆಯ ಪದ್ಧತಿಯಲ್ಲಿ ಎಲ್ಲರೂ ಸೇರಿ ಎಲ್ಲರನ್ನೂ ನೆನೆಯುತ್ತಿದ್ದೆವು, ಹಾಗಾಗಿ ಯಾರೂ ಯಾರನ್ನೂ ನೆನೆಯುತ್ತಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಯಾರಿಲ್ಲ ಎಂದು ಮೊದಲು ನೋಡಿ. ನಮ್ಮಲ್ಲಿ ಹೆಂಗಸರು ಇರಲಿಲ್ಲ. ನಿಮ್ಮಲ್ಲಿ ಪರೀಕ್ಷೆ ಪಾಸಾಗದೆ ಬಿಟ್ಟುಹೋದವರು ಇಲ್ಲದಿರಬಹುದು.

ದೀಪದ ವಿಷಯಕ್ಕೆ ಎದ್ದು ಹೋದ ಹಿರಿಯರು ಮೊದಲ ವರ್ಷ ಬರಲಿಲ್ಲ. ಎರಡನೇ ವರ್ಷ ಬಂದರು. ನಮ್ಮ ವಾದ ಒಪ್ಪಿ ಬಂದದ್ದಲ್ಲ. ಅವರ ಜೊತೆ ಹಾಸ್ಟೆಲಿನಲ್ಲಿದ್ದ ಗೆಳೆಯರ ಹೆಸರು ಆ ಸಲ ಇತ್ತು. ಉತ್ತರ ಕೊಟ್ಟು, ಊಟ ಮಾಡಿ, ದೀಪ ಇಟ್ಟಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಹೇಳಿಯೇ ಹೋದರು.

ಬಿಡಿಸಲಾಗದ ಒಂದು ಗಂಟು ಈಗಲೂ ಇದೆ. ಹಳೆಯ ಬ್ಯಾಚುಗಳಲ್ಲಿ ಹಿಂದಿನ ನಂಬರಿನವರೂ ಇಲ್ಲ, ಮುಂದಿನ ನಂಬರಿನವರೂ ಇಲ್ಲ ಎಂಬ ಹೆಸರುಗಳು ಬರತೊಡಗಿವೆ. ಈಗ ಓದುತ್ತಿರುವ ಮಕ್ಕಳಿಂದ ಹೇಳಿಸಬಹುದು ಎಂದು ಕೆಲವರು. ಮುಖ ನೋಡದವರು ಹೇಳಿದರೆ ಅದು ನಿಜವಾದ ಪ್ರಾಕ್ಸಿಯಾಗುತ್ತದೆ ಎಂದು ಮಾಷ್ಟ್ರು. ಈ ಸಲ ಅಂಥದ್ದೊಂದು ಹೆಸರಿದೆ. ಡೈರಿಯಲ್ಲಿ ಮೇಲೆ ಮೂರು, ಕೆಳಗೆ ಎರಡು ನಂಬರು ದಾಟಿದ ಮೇಲೆ ಒಬ್ಬರು ಸಿಕ್ಕಿದರು. ದುಬೈಯಲ್ಲಿ ಮಗನ ಮನೆಯಲ್ಲಿದ್ದಾರೆ. ಫೋನ್ ಮಾಡಿದೆ. ಹೆಸರು ಹೇಳಿದಾಗ ಮೊದಲು ನೆನಪಾಗಲಿಲ್ಲ. ಕಿಟಕಿ ಹತ್ತಿರ ಕೂತುಕೊಳ್ಳುತ್ತಿದ್ದವರಾ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಮಾಷ್ಟ್ರನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.